ವರ್ಷಕ್ಕೊಮ್ಮೆಯ ಕವಾಯತು: ಸಿಂಗಪುರ ಸ್ವಯಂಸೇವಕ ದಳದ ತರಬೇತಿ ಮತ್ತು ಸನ್ನದ್ಧತೆ

(ಸಿಂಗಪುರದ ಕನ್ನಡಿಗರ ಸಣ್ಣ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ಗೆಳೆಯರೆ,

ನನ್ನ ಮಗ ಎರಡು ವರ್ಷದ ನ್ಯಾಷನಲ್ ಸರ್ವಿಸ್, ಅಂದರೆ ಕಡ್ಡಾಯ ಸೇವೆ, ಮುಗಿಸಿ ಈಗ ವರ್ಷ ವರ್ಷವೂ ಮೀಸಲು ತರಬೇತಿಗೆ ಹೋಗಿಬರುತ್ತಾನೆ. ಮೊದಲ ಸಲ ಕರೆ ಬಂದಾಗ ಅವನು ಅಟ್ಟದ ಮೇಲಿನ ಚೀಲವನ್ನು ಇಳಿಸಿ, ಬೂಟು ತೆಗೆದು ನೆಲಕ್ಕಿಟ್ಟು ನಾಲ್ಕು ಹೆಜ್ಜೆ ನಡೆದ. ಐದನೆಯ ಹೆಜ್ಜೆಗೆ ಬಲಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಕಿತ್ತು ಬಂದು, ಒಣಗಿದ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಈ ಊರಿನ ಸೆಕೆಯಲ್ಲಿ ಬಳಸದೆ ಇಟ್ಟ ಬೂಟಿನ ಗತಿಯೇ ಹೀಗೆಂದು, ಮಕ್ಕಳನ್ನು ಸೇನಾ ಸೇವೆಗೆ ಕಳುಹಿಸಿರುವ ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಆ ದಿನ ನೆಲದ ಮೇಲಿನ ಕಪ್ಪು ಪುಡಿಯನ್ನು ಗುಡಿಸುತ್ತ ನನಗೆ ಒಂದು ಪ್ರಶ್ನೆ ಹುಟ್ಟಿತು. ವರ್ಷದ ಬಹುಪಾಲು ದಿನಗಳನ್ನು ಕಚೇರಿಯಲ್ಲಿ ಕಳೆಯುವ ಮನುಷ್ಯನನ್ನು ಕೆಲವೇ ದಿನಗಳ ಅಭ್ಯಾಸದಿಂದ ಸಿಪಾಯಿಯಾಗಿ ಉಳಿಸಿಕೊಳ್ಳಬಹುದು ಎಂಬ ನಂಬಿಕೆ ಈ ಊರಿಗೆ ಎಲ್ಲಿಂದ ಬಂತು? ಆ ನಂಬಿಕೆ ಪರೀಕ್ಷೆಗೆ ಒಳಗಾದಾಗ ಏನಾಯಿತು? ಈ ದಿನದ ಮಾತು ಅದರ ಸುತ್ತಲೇ ಇದೆ.

ಕಥೆ ಶುರುವಾಗುವುದು ಐದು ಕ್ಯಾಟಿ ಅಕ್ಕಿಯಿಂದ. ಕ್ಯಾಟಿ ಎಂದರೆ ಸುಮಾರು 600 ಗ್ರಾಂ, ಐದು ಕ್ಯಾಟಿ ಎಂದರೆ ಮೂರು ಕಿಲೋ. 1854ರ ಮೇ ತಿಂಗಳಲ್ಲಿ ಇಷ್ಟು ಅಕ್ಕಿಯ ಲೆಕ್ಕದಲ್ಲಿ ಒಬ್ಬ ಹೊಕ್ಕಿಯನ್‌ನಿಗೂ ಒಬ್ಬ ತಿಯೋಚಿಯನಿಗೂ (ಎರಡೂ ಚೀನೀಯರ ಬೇರೆ ಬೇರೆ ಭಾಷಾ ಪಂಗಡಗಳು) ನಡೆದ ಜಗಳ ಇಡೀ ಊರಿಗೆ ಹಬ್ಬಿ, ಹತ್ತು ದಿನಗಳಿಗೂ ಹೆಚ್ಚು ಕಾಲ ನಡೆದು, ಸುಮಾರು 400 ಜನರನ್ನು ಬಲಿ ತೆಗೆದುಕೊಂಡಿತು. ಆಗ ಸಿಂಗಪುರದ ಆಡಳಿತ ಕಲ್ಕತ್ತೆಯ ಕೈಯಲ್ಲಿತ್ತು. ಇಲ್ಲಿನ ಕಾವಲಿಗೆ ಮದರಾಸಿನ ದೇಶೀ ಪದಾತಿ ಪಡೆಗಳು ಸರದಿಯ ಮೇಲೆ ಹಡಗಿನಲ್ಲಿ ಬರುತ್ತಿದ್ದವು. ಅದೇ ವರ್ಷ ಕ್ರಿಮಿಯಾದಲ್ಲಿ ಯುದ್ಧ ನಡೆದು, ರಷ್ಯದ ಹಡಗುಗಳು ಯಾವ ಗಳಿಗೆಯಲ್ಲಿ ಬಂದರಿಗೆ ನುಗ್ಗುತ್ತವೋ ಎಂಬ ಭಯವೂ ಯುರೋಪಿಯನ್ ವರ್ತಕರಿಗಿತ್ತು. ಒಳಗೆ ದೊಂಬಿ, ಹೊರಗೆ ಯುದ್ಧ. ಈ ಎರಡರ ನಡುವೆ ಹುಟ್ಟಿದ್ದು ಸಿಂಗಪುರ ಸ್ವಯಂಸೇವಕ ರೈಫಲ್ ದಳ. ಪೂರ್ವ ದೇಶಗಳಲ್ಲೇ ತಾವು ಮೊದಲಿಗರು ಎಂಬ ಅರ್ಥದ ಲ್ಯಾಟಿನ್ ಮಾತನ್ನು ಅವರು ಧ್ಯೇಯವಾಕ್ಯ ಮಾಡಿಕೊಂಡರು.

ಇಲ್ಲಿ ಸ್ವಯಂಸೇವಕ ಎಂಬ ಪದವನ್ನು ಸ್ವಲ್ಪ ಬಿಡಿಸಬೇಕು. ಇವರು ಸಂಬಳದ ಸಿಪಾಯಿಗಳಲ್ಲ. ಹಗಲು ಬ್ಯಾಂಕಿನಲ್ಲಿ, ವಕೀಲರ ಕಚೇರಿಯಲ್ಲಿ, ಹಡಗು ಕಂಪನಿಯ ಲೆಕ್ಕದ ಮೇಜಿನ ಮುಂದೆ ಕುಳಿತಿದ್ದು, ಸಂಜೆ ಸಮವಸ್ತ್ರ ತೊಟ್ಟು ಕವಾಯತಿಗೆ ಬರುವವರು. ಕಲಿಸಲು ಕಾಯಂ ಸೇನೆಯಿಂದ ಒಬ್ಬ ಅಡ್ಜುಟಂಟ್ (ದಳದ ದೈನಂದಿನ ಆಡಳಿತ, ತರಬೇತಿ ನೋಡಿಕೊಳ್ಳುವ ಅಧಿಕಾರಿ) ಮತ್ತು ಕೆಲವು ಸಾರ್ಜೆಂಟರು ನೇಮಕವಾಗಿ ಬರುತ್ತಿದ್ದರು. ದಳದ ಬೆನ್ನೆಲುಬು ನಿಜಕ್ಕೂ ಈ ಸಾರ್ಜೆಂಟರೇ. ಅಧಿಕಾರಿಯ ಸ್ಥಾನದಲ್ಲಿ ಊರಿನ ದೊಡ್ಡ ವರ್ತಕನಿದ್ದರೂ, ಬಂದೂಕಿನ ಬೋಲ್ಟನ್ನು ಹೇಗೆ ಒರೆಸಬೇಕು, ಮಳೆಯಲ್ಲಿ ಗುಂಡಿನ ಪೆಟ್ಟಿಗೆಯನ್ನು ಎಲ್ಲಿಡಬೇಕು ಎಂಬುದನ್ನು ಬಲ್ಲವನು ಆ ಸಾರ್ಜೆಂಟ್.

ಬ್ರಿಟಿಷ್ ಸಾಮ್ರಾಜ್ಯದ ಇಂಥ ದಳಗಳಲ್ಲೆಲ್ಲ ಒಂದೇ ಬಗೆಯ ಲೆಕ್ಕಾಚಾರವಿತ್ತು. ವರ್ಷಕ್ಕೆ ಇಂತಿಷ್ಟು ಕವಾಯತುಗಳಿಗೆ ಹಾಜರಾಗಿ, ಗುರಿ ಹೊಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ವಾರ್ಷಿಕ ತಪಾಸಣೆಯ ದಿನ ಸಾಲಿನಲ್ಲಿ ನಿಂತವನು ಮಾತ್ರ ‘ದಕ್ಷ’ ಎಂಬ ವರ್ಗಕ್ಕೆ ಸೇರುತ್ತಿದ್ದ. ಸರ್ಕಾರದ ಅನುದಾನ ಬರುತ್ತಿದ್ದುದು ಹೀಗೆ ದಕ್ಷರಾದವರ ತಲೆಯೆಣಿಕೆಯ ಮೇಲೆ. ಹೀಗಾಗಿ ಹಾಜರಿ ಪುಸ್ತಕ ದಳದ ಜೀವನಾಡಿಯಾಗಿತ್ತು. ಒಬ್ಬ ಗುಮಾಸ್ತ ನಾಲ್ಕು ಕವಾಯತು ತಪ್ಪಿಸಿಕೊಂಡರೆ ಅದು ಅವನೊಬ್ಬನ ಸೋಮಾರಿತನವಾಗಿ ಉಳಿಯುತ್ತಿರಲಿಲ್ಲ, ದಳದ ಬೊಕ್ಕಸಕ್ಕೂ ಪೆಟ್ಟು ಬೀಳುತ್ತಿತ್ತು.

ಈ ವ್ಯವಸ್ಥೆ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಮೊದಲ ದಳವೇ ತೋರಿಸಿತು. ಗಲಭೆಯ ನೆನಪು ಮಾಸಿತು, ರಷ್ಯದ ಹಡಗು ಬರಲಿಲ್ಲ. ಹೊಸಬರು ಸೇರುವುದು ಕಡಿಮೆಯಾಯಿತು, ಹಳಬರು ಊರಿಗೆ ಮರಳಿದರು, ಸಾಲು ತೆಳುವಾಗುತ್ತ ಬಂತು. ಕೊನೆಗೆ 1887ರ ಡಿಸೆಂಬರಿನಲ್ಲಿ ದಳವನ್ನು ವಿಸರ್ಜಿಸಲಾಯಿತು. ಅದರ ಮೇಲೆ ಯಾವ ಶತ್ರುವೂ ದಾಳಿ ಮಾಡಿರಲಿಲ್ಲ. ಬಳಸದೆ ಇಟ್ಟ ಬೂಟಿನ ಹಾಗೆ ಅದು ತನ್ನಷ್ಟಕ್ಕೆ ಉದುರಿಹೋಯಿತು. ಮರುವರ್ಷವೇ, 1888ರಲ್ಲಿ, ವಸಾಹತಿನ ಎಂಜಿನಿಯರ್ ಹೆನ್ರಿ ಮೆಕ್ಯಾಲಮ್ ಅವರ ನೇತೃತ್ವದಲ್ಲಿ ಸ್ವಯಂಸೇವಕ ಫಿರಂಗಿ ದಳ ಶುರುವಾಯಿತು. ಊರಿನ ಜನರ ಚಂದಾ ಹಣದಿಂದ ಅದಕ್ಕೆ ಮ್ಯಾಕ್ಸಿಮ್ ಮೆಷಿನ್ ಗನ್ನುಗಳು ಬಂದವು. ಮೆಕ್ಯಾಲಮ್ ಅವರ ಆಯ್ಕೆಯಲ್ಲಿ ಒಂದು ಜಾಣತನ ನನಗೆ ಕಾಣುತ್ತದೆ. ಬಂದೂಕು ಹೆಗಲಿಗಿಟ್ಟು ಎಡಬಲ ತಿರುಗುವ ಕವಾಯತು ಗುಮಾಸ್ತನಿಗೆ ಬೇಗ ಬೇಸರ ತರಿಸುತ್ತದೆ. ಯಂತ್ರವೊಂದನ್ನು ಬಿಚ್ಚಿ, ಜೋಡಿಸಿ, ಅದರ ಮರ್ಮ ಕಲಿಯುವ ಕೆಲಸ ಅವನನ್ನು ಮತ್ತೆ ಮತ್ತೆ ಕರೆಯುತ್ತದೆ. ದಕ್ಷತೆಯ ಅರ್ಧ ಭಾಗ ಮತ್ತೆ ಬರಬೇಕೆನಿಸುವ ಮನಸ್ಸಿನಲ್ಲಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ.

ಆ ಕಾಲದ ದಿನಚರಿ ಹೇಗಿತ್ತೆಂದು ತಿಳಿಯಲು ಇಲ್ಲಿನ ರಾಷ್ಟ್ರೀಯ ಗ್ರಂಥಾಲಯ ಗಣಕೀಕರಿಸಿರುವ ಹಳೆಯ ಪತ್ರಿಕೆಗಳನ್ನು ತೆರೆದರೆ ಸಾಕು. ವಾರ ವಾರವೂ ದಳದ ಆದೇಶಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಸೋಮವಾರ ಸಂಜೆ ಐದೂಕಾಲಿಗೆ ಡ್ರಿಲ್ ಹಾಲಿನಲ್ಲಿ ಇಂಥ ತುಕಡಿ, ಮರುದಿನ ಇನ್ನೊಂದು ತುಕಡಿ, ವಾರದ ಕೊನೆಗೆ ಗುರಿ ಅಭ್ಯಾಸ, ಈ ವಾರದ ಕರ್ತವ್ಯದ ಅಧಿಕಾರಿ ಇಂಥವರು ಎಂಬ ಸಣ್ಣ ಅಕ್ಷರದ ಅಂಕಣ. ನಾನು ಇವನ್ನು ಗಂಟೆಗಟ್ಟಲೆ ಓದಿದ್ದೇನೆ. ಐದೂಕಾಲು ಎಂಬ ಆ ಸಮಯ ನೋಡಿ. ಐದಕ್ಕೆ ಕಚೇರಿ ಬಿಟ್ಟು, ರಾಫಲ್ಸ್ ಪ್ಲೇಸಿನಿಂದ ಬಂದು, ಬೆವರಿದ ಅಂಗಿ ಬದಲಿಸಲು ಹದಿನೈದೇ ನಿಮಿಷ. ಏಳರ ಹೊತ್ತಿಗೆ ಇಲ್ಲಿ ಕತ್ತಲು. ಭೂಮಧ್ಯರೇಖೆಯ ಪಕ್ಕದ ಈ ಊರಿನಲ್ಲಿ ಹಗಲು ವರ್ಷಪೂರ್ತಿ ಒಂದೇ ಉದ್ದವಾದ್ದರಿಂದ, ಬೇಸಗೆಯ ಉದ್ದ ಸಂಜೆಗಳಲ್ಲಿ ಹೆಚ್ಚು ಕವಾಯತು ಮಾಡಿಸುವ ಇಂಗ್ಲೆಂಡಿನ ಪದ್ಧತಿ ಇಲ್ಲಿ ನಡೆಯುವಂತಿರಲಿಲ್ಲ. ಸಿಗುವುದು ಆ ಒಂದೂವರೆ ಗಂಟೆ. ಅದರಲ್ಲೂ ಮಳೆಯ ಪಾಲು ದೊಡ್ಡದು.

ಆದ್ದರಿಂದಲೇ ವಾರ್ಷಿಕ ಶಿಬಿರಕ್ಕೆ ಅಷ್ಟು ಮಹತ್ವ. ರಜೆಗಳನ್ನು ನೋಡಿಕೊಂಡು, ಊರಿನಿಂದ ದೂರ, ಪೂರ್ವ ಕರಾವಳಿಯ ಸಿಗ್ಲಾಪ್, ಚಾಂಗಿಯ ಬಳಿಯ ತೆಲೋಕ್ ಪಾಕು ಮುಂತಾದ ಕಡೆ ಡೇರೆ ಹೂಡುತ್ತಿದ್ದರು. ಫಿರಂಗಿಯವರ ಅಭ್ಯಾಸ ಬ್ಲಾಕಾಂಗ್ ಮಾತಿ ದ್ವೀಪದ ಕೋಟೆಗಳಲ್ಲಿ. ನಾವೀಗ ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ಸೆಂತೋಸಾ ಅದೇ ದ್ವೀಪ. ಎಂಜಿನಿಯರ್ ತುಕಡಿಯವರು ಕಡಲ ಕಾವಲಿನ ಶೋಧಕ ದೀಪಗಳನ್ನು ನಡೆಸುವುದನ್ನು ಕಲಿಯುತ್ತಿದ್ದರು. ಡ್ರಿಲ್ ಹಾಲಿನಲ್ಲಿ ಕಲಿಯಲಾಗದ ಮೂರು ಸಂಗತಿಗಳು ಶಿಬಿರದಲ್ಲಿ ಮಾತ್ರ ಸಾಧ್ಯ: ರಾತ್ರಿ ಎಚ್ಚರವಿರುವುದು, ಹತ್ತಾರು ಜನಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ನೀರು ಮುಟ್ಟಿಸುವುದು, ಪಕ್ಕದವನ ಗುಣವನ್ನು ಅರಿಯುವುದು. ಗುರಿ ಹೊಡೆಯುವುದನ್ನು ವರ್ಷವಿಡೀ ಕಲಿಸಬಹುದು. ಈ ಮೂರನ್ನು ಸಂಜೆಯ ಒಂದೂವರೆ ಗಂಟೆಯಲ್ಲಿ ಕಲಿಸಲಾಗದು.

ಬಂದೂಕು ಯಾರ ಕೈಗೆ ಎಂಬ ಪ್ರಶ್ನೆಯನ್ನು ಬಿಟ್ಟು ಈ ಕಥೆಯನ್ನು ಹೇಳುವುದು ನನ್ನಿಂದಾಗದು. 1901ರವರೆಗೆ ಇದು ಬಹುಮಟ್ಟಿಗೆ ಯುರೋಪಿಯನ್ನರ ದಳ. ಆ ವರ್ಷ ಚೀನೀಯರ ಒಂದು ತುಕಡಿಯೂ ಯುರೇಷಿಯನ್ನರ (ಯುರೋಪ್ ಮತ್ತು ಏಷ್ಯದ ಮಿಶ್ರ ಮೂಲದವರ) ಒಂದು ತುಕಡಿಯೂ ಸೇರಿದವು. ಚೀನೀ ತುಕಡಿಗಾಗಿ ದುಡಿದವರಲ್ಲಿ ವೈದ್ಯ ಲಿಮ್ ಬೂನ್ ಕೆಂಗ್ ಮತ್ತು ವಕೀಲ ಸಾಂಗ್ ಓಂಗ್ ಸಿಯಾಂಗ್ ಮುಖ್ಯರು. ಇಬ್ಬರೂ ತಾವೇ ಸಮವಸ್ತ್ರ ತೊಟ್ಟರು. ಯುರೇಷಿಯನ್ ತುಕಡಿಯನ್ನು 1909ರಲ್ಲಿ ವಿಸರ್ಜಿಸಿ, 1918ರಲ್ಲಿ ಮತ್ತೆ ಕಟ್ಟಲಾಯಿತು. ಅಂದರೆ ಒಂದು ಸಮುದಾಯದ ಸನ್ನದ್ಧತೆಯನ್ನು ಆಡಳಿತ ತನಗೆ ಬೇಕೆನಿಸಿದಾಗ ಬೆಳೆಸಿತು, ಬೇಡವೆನಿಸಿದಾಗ ಮುಚ್ಚಿತು. ನಮ್ಮ ನಾಡಿನ ಅನುಭವ ಇದಕ್ಕಿಂತ ಕಠಿಣವಾಗಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ 1868ರಲ್ಲೇ ರೈಫಲ್ ಸ್ವಯಂಸೇವಕರಿದ್ದರು, ಮುಂದೆ ಕೋಲಾರದ ಚಿನ್ನದ ಗಣಿಯಲ್ಲೂ ಇದ್ದರು. ಆದರೆ ಅವು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ದಳಗಳು. 1885ರಲ್ಲಿ ರಷ್ಯದ ಭೀತಿ ಎದ್ದಾಗ ಓದಿದ ಭಾರತೀಯರು ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು, ಸರ್ಕಾರ ಒಪ್ಪಲಿಲ್ಲ. ಮರುವರ್ಷ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನ ಅದಕ್ಕಾಗಿಯೇ ಒಂದು ನಿರ್ಣಯ ಮಾಡಬೇಕಾಯಿತು. ಕೊಡವರ ಕೋವಿಗೆ 1861ರಲ್ಲಿ ದೊರೆತ ವಿನಾಯಿತಿಯನ್ನು ಹೊರತುಪಡಿಸಿದರೆ, ಆಯುಧಪೂಜೆಯ ದಿನ ಕುಂಕುಮ ಹಚ್ಚಲು ಕೂಡ ನಮ್ಮ ಬಹುಪಾಲು ಮನೆಗಳಲ್ಲಿ ಕತ್ತಿ ಕುಡುಗೋಲಿಗಿಂತ ಹೆಚ್ಚಿನದು ಉಳಿದಿರಲಿಲ್ಲ.

ಈಗ 1915ಕ್ಕೆ ಬರುತ್ತೇನೆ. ಫೆಬ್ರವರಿ 15, ಸೋಮವಾರ, ಚೀನೀ ಹೊಸ ವರ್ಷದ ರಜೆಯ ದಿನ. ಇಲ್ಲಿದ್ದ ಬ್ರಿಟಿಷ್ ಪದಾತಿ ಪಡೆ ಯುರೋಪಿನ ಯುದ್ಧಕ್ಕೆ ಹೊರಟುಹೋಗಿತ್ತು. ಉಳಿದ ಕಾಯಂ ಪದಾತಿ ಪಡೆಯೆಂದರೆ ಭಾರತದಿಂದ ಬಂದಿದ್ದ ಐದನೆಯ ಲೈಟ್ ಇನ್‌ಫೆಂಟ್ರಿ. ಅವರನ್ನು ಹಾಂಗ್‌ಕಾಂಗ್‌ಗೆ ಕಳುಹಿಸುವ ಸಿದ್ಧತೆ ನಡೆದಿತ್ತು; ಆದರೆ ತಮ್ಮನ್ನು ತಮ್ಮದೇ ಧರ್ಮದವರಾದ ತುರ್ಕಿಯ ಮುಸ್ಲಿಮರ ವಿರುದ್ಧ ಹೋರಾಡಲು ಒಯ್ಯುತ್ತಾರೆಂಬ ಸುದ್ದಿ ಪಡೆಯಲ್ಲಿ ಹಬ್ಬಿತ್ತು. ಮಧ್ಯಾಹ್ನ ಅಲೆಕ್ಸಾಂಡ್ರಾ ಬ್ಯಾರಕ್ಕಿನಲ್ಲಿ ಸುಮಾರು ಅರ್ಧ ಪಡೆ ದಂಗೆಯೆದ್ದಿತು. ಒಂದು ಗುಂಪು ಟ್ಯಾಂಗ್ಲಿನ್ ಕಡೆಗೆ ನಡೆದು, ಜರ್ಮನ್ ಯುದ್ಧಕೈದಿಗಳ ಶಿಬಿರದ ಮೇಲೆ ಎಚ್ಚರಿಕೆಯಿಲ್ಲದೆ ಗುಂಡು ಹಾರಿಸಿತು. ಅಲ್ಲಿ ಕಾವಲಿದ್ದವರಲ್ಲಿ ಸ್ವಯಂಸೇವಕರಿದ್ದರು, ಜೊಹೊರ್ ಸುಲ್ತಾನರ ಪಡೆಯವರಿದ್ದರು. ಹಲವರು ಅಲ್ಲೇ ಸತ್ತರು. ರಜೆಯ ಕಾರಣ ಚೀನೀ ಸ್ವಯಂಸೇವಕರು ತಮ್ಮ ಮನೆಗಳಲ್ಲಿದ್ದರು.

ವಾರ್ಷಿಕ ತರಬೇತಿಯ ಬೆಲೆ ಏನೆಂದು ಯಾರಾದರೂ ಕೇಳಿದರೆ ನಾನು ಆ ರಾತ್ರಿಯನ್ನು ತೋರಿಸುತ್ತೇನೆ. ಮಲಯ ಸಂಸ್ಥಾನಗಳ ಸ್ವಯಂಸೇವಕ ರೈಫಲ್ ದಳದ ಸುಮಾರು 80 ಜನ ಆಗ ತರಬೇತಿಗೆಂದು ಬಂದು, ದಂಗೆಯ ಬ್ಯಾರಕ್ಕಿನ ಹತ್ತಿರವೇ ನಾರ್ಮಂಟನ್‌ನಲ್ಲಿ ಬೀಡುಬಿಟ್ಟಿದ್ದರು. ಬಹುಪಾಲು ರಬ್ಬರ್ ತೋಟದವರು, ತವರದ ಗಣಿಯವರು, ಸರ್ಕಾರಿ ನೌಕರರು. ಐದನೆಯ ಪಡೆಯ ಕರ್ನಲ್ ಮಾರ್ಟಿನ್ ಓಡಿಬಂದದ್ದು ಅವರ ಬಳಿಗೆ. ಅವರು ಕರ್ನಲ್‌ನ ಬಂಗಲೆಯನ್ನು ಹಿಡಿದು ರಾತ್ರಿಯಿಡೀ ಗುಂಡಿಗೆ ಗುಂಡು ಕೊಟ್ಟು ಉಳಿಸಿಕೊಂಡರು. ಕತ್ತಲಲ್ಲಿ ನಿಷ್ಠರಾದ ಭಾರತೀಯ ಸಿಪಾಯಿಗಳು ತಮ್ಮನ್ನೂ ಒಳಗೆ ಸೇರಿಸಿಕೊಳ್ಳಿ ಎಂದು ಬಂದಾಗ, ದಂಗೆಕೋರರು ಬೆರೆತುಬಿಟ್ಟಾರೆಂದು ಹೆದರಿ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಬೆಳಗಾದ ಮೇಲೆ ಕರ್ನಲ್ ಬ್ರೌನ್‌ಲೋ ಸ್ವಯಂಸೇವಕರು, ಫಿರಂಗಿಯವರು, ಹಡಗಿನವರನ್ನು ಕೂಡಿಸಿಕೊಂಡು ಬಂದು ಬಂಗಲೆಯನ್ನು ಬಿಡಿಸಿದರು. ಮುಂದೆ ಫ್ರಾನ್ಸ್, ಜಪಾನ್ ಮತ್ತು ರಷ್ಯದ ಹಡಗುಗಳಿಂದ ಇಳಿದ ನಾವಿಕರು ಉಳಿದ ಕೆಲಸ ಮುಗಿಸಿದರು. ಈ ದಳ ಹುಟ್ಟಿದ್ದು ಯಾರಿಗೆ ಹೆದರಿಯೋ ಆ ರಷ್ಯದವರೇ ಅರವತ್ತೊಂದು ವರ್ಷಗಳ ನಂತರ ನೆರವಿಗೆ ಬಂದಿದ್ದರು.

ಆದರೆ ಆ ತರಬೇತಿ ಇನ್ನೊಂದು ಕೆಲಸಕ್ಕೂ ಬಳಕೆಯಾಯಿತು. ಭಾರತೀಯನಾಗಿ ಅದನ್ನು ಹೇಳದೆ ಮುಂದೆ ಹೋಗಲಾರೆ. ಸೇನಾ ನ್ಯಾಯಾಲಯ 47 ಸಿಪಾಯಿಗಳಿಗೆ ಮರಣದಂಡನೆ ವಿಧಿಸಿತು. ಔಟ್ರಮ್ ಸೆರೆಮನೆಯ ಗೋಡೆಗೆ ಅವರನ್ನು ಬಹಿರಂಗವಾಗಿ ನಿಲ್ಲಿಸಿ ಗುಂಡಿಕ್ಕಿದರು. ಮಾರ್ಚ್ ತಿಂಗಳ ಒಂದು ದಿನವಂತೂ ಒಟ್ಟಿಗೆ 22 ಜನ. ನೋಡಲು ನೆರೆದವರು 15,000ಕ್ಕೂ ಹೆಚ್ಚೆಂದು ಪತ್ರಿಕೆ ಬರೆಯಿತು. ಆ ದಿನ ಗುಂಡು ಹೊಡೆದ ಸಾಲು ಸ್ವಯಂಸೇವಕ ದಳದ ಬೇರೆ ಬೇರೆ ತುಕಡಿಗಳಿಂದ ಆರಿಸಿದ್ದು. ಗುರಿ ಅಭ್ಯಾಸದ ಮೈದಾನದಲ್ಲಿ ಹಲಗೆಗೆ ಗುಂಡು ಹೊಡೆದು ದಕ್ಷನೆನಿಸಿಕೊಂಡ ಗುಮಾಸ್ತ, ಕೆಲವೇ ಹೆಜ್ಜೆ ದೂರದಲ್ಲಿ ಕಟ್ಟಿ ನಿಲ್ಲಿಸಿದ ಮನುಷ್ಯನ ಮುಂದೆ ನಿಂತ. ದಂಗೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ ನಿರಾಯುಧರಾದ ನಾಗರಿಕರೂ ಇದ್ದರು ಎಂಬುದನ್ನು ನಾನು ಮರೆಯುವುದಿಲ್ಲ. ಆದರೂ ಕವಾಯತಿನ ಪಠ್ಯದಲ್ಲಿ ಇಲ್ಲದ ಆ ಬೆಳಗಿನ ಕೆಲಸ ಆ ಕೈಗಳ ಮೇಲೆ ಎಷ್ಟು ಕಾಲ ಭಾರವಾಗಿ ಉಳಿದಿತ್ತೋ ಎಂದು ಔಟ್ರಮ್ ರಸ್ತೆಯಲ್ಲಿ ಹೋಗುವಾಗಲೆಲ್ಲ ಯೋಚಿಸುತ್ತೇನೆ.

ಆ ವರ್ಷವೇ ಹೊಸ ಕಾಯಿದೆ ಬಂತು. 18ರಿಂದ 55 ವಯಸ್ಸಿನ, ಬ್ರಿಟಿಷ್ ಪ್ರಜೆಗಳಾದ ಗಂಡಸರಿಗೆ ಮೀಸಲು ಪಡೆ ಅಥವಾ ನಾಗರಿಕ ಕಾವಲಿನ ತರಬೇತಿ ಕಡ್ಡಾಯವಾಯಿತು. ಯುದ್ಧ ಮುಗಿದ ಮೇಲೆ, 1922ರಲ್ಲಿ, ಸಿಂಗಪುರ, ಪಿನಾಂಗ್ ಮತ್ತು ಮಲಕ್ಕಾದ ದಳಗಳನ್ನು ಕೂಡಿಸಿ ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್ ಸ್ವಯಂಸೇವಕ ಪಡೆಯನ್ನು ಕಟ್ಟಿದರು. 1933ರಲ್ಲಿ ಬೀಚ್ ರೋಡಿನಲ್ಲಿ ಹೊಸ ಮುಖ್ಯ ಕಚೇರಿ ತೆರೆಯಿತು.

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಇದೇ ಪಡೆಯ ತರಬೇತಿ ದೊಡ್ಡ ಜಗಳದ ವಿಷಯವಾಯಿತು. 1940ರಲ್ಲಿ ಮಲಯದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಬಾಂಡ್, ಸ್ವಯಂಸೇವಕರನ್ನು ಕೆಲಸದಿಂದ ಬಿಡಿಸಿ ನಿರಂತರ ತರಬೇತಿ ಕೊಡಬೇಕೆಂದರು. ಗವರ್ನರ್ ಶೆಂಟನ್ ಥಾಮಸ್‌ಗೆ ರಬ್ಬರ್ ಮತ್ತು ತವರದ ಉತ್ಪಾದನೆಯೇ ಮೊದಲಾಗಿತ್ತು, ಏಕೆಂದರೆ ಬ್ರಿಟನ್ನಿಗೆ ಬೇಕಾಗಿದ್ದ ಡಾಲರು ಬರುತ್ತಿದ್ದುದು ಅದರಿಂದಲೇ. ತೋಟದ ಮೇಲ್ವಿಚಾರಕನನ್ನು ಎರಡು ತಿಂಗಳು ಶಿಬಿರಕ್ಕೆ ಕರೆದರೆ ತೋಟವನ್ನು ನೋಡುವವರು ಯಾರು? ಇಬ್ಬರ ವಾದದಲ್ಲೂ ಹುರುಳಿತ್ತು ಎಂದು ಹೇಳುವುದು ಸುಲಭ. ನನಗೆ ಮಾತ್ರ ಬಾಂಡ್ ಹೇಳಿದ್ದೇ ಸರಿಯೆನಿಸುತ್ತದೆ. ಅರ್ಧ ತರಬೇತಿಯಾದ ಸಿಪಾಯಿ ಯುದ್ಧಭೂಮಿಯಲ್ಲಿ ತಾನೂ ಸಾಯುತ್ತಾನೆ, ಪಕ್ಕದವನನ್ನೂ ಸಾಯಿಸುತ್ತಾನೆ. ನಮ್ಮ ಹಿರಿಯರು ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಯಾವುದನ್ನು ಹಳಿದರೋ ಅದೇ ಇಲ್ಲಿ ನಡೆಯಿತು. ಪಡೆಯನ್ನು ಪೂರ್ತಿಯಾಗಿ ಸಜ್ಜುಗೊಳಿಸುವ ಆದೇಶ ಹೊರಟಿದ್ದು 1941ರ ಡಿಸೆಂಬರ್ 1ರಂದು. ಜಪಾನೀಯರು ಉತ್ತರ ಮಲಯದ ಕರಾವಳಿಯಲ್ಲಿ ಇಳಿದದ್ದು ಅದೇ ತಿಂಗಳ 8ರಂದು. ನಡುವೆ ಸಿಕ್ಕಿದ್ದು ಒಂದು ವಾರ.

1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. 1915ರ ದಂಗೆಯ ದಿನದಿಂದ ಸರಿಯಾಗಿ 27 ವರ್ಷ. ಅಂದೂ ಚೀನೀ ಹೊಸ ವರ್ಷ. ಯುರೋಪಿಯನ್ ಸ್ವಯಂಸೇವಕರು ಚಾಂಗಿಯ ಸೆರೆಗೂ, ಅಲ್ಲಿಂದ ಅನೇಕರು ಸಯಾಮಿನ (ಇಂದಿನ ಥಾಯ್ಲೆಂಡ್) ರೈಲುಹಾದಿಯ ಬಲವಂತದ ದುಡಿಮೆಗೂ ಹೋದರು. ಚೀನೀ ಸ್ವಯಂಸೇವಕರ ಪಾಡು ಬೇರೆ. ಶರಣಾಗತಿಯ ಹೊತ್ತಿಗೆ ಅನೇಕರು ಸಮವಸ್ತ್ರ ಕಳಚಿ ಮನೆ ಸೇರಿದ್ದರು. ಮೂರೇ ದಿನದಲ್ಲಿ ಜಪಾನೀ ಸೇನೆ ಚೀನೀ ಗಂಡಸರನ್ನು ಬೀದಿಬೀದಿಗಳಲ್ಲಿ ಕೂಡಿಹಾಕಿ ಸೋಸಲು ಶುರುಮಾಡಿತು. ಸೋಸಿ ತೆಗೆಯಬೇಕಾದವರ ಪಟ್ಟಿಯಲ್ಲಿ ಸ್ವಯಂಸೇವಕ ಪಡೆಯಲ್ಲಿದ್ದವರೂ ಸೇರಿದ್ದರು. ಆಡಳಿತ ಅವರನ್ನು ಪೂರ್ತಿಯಾಗಿ ನಂಬಿ ಸಜ್ಜುಗೊಳಿಸಿರಲಿಲ್ಲ; ಶತ್ರು ಮಾತ್ರ ಅವರನ್ನು ಪೂರ್ತಿ ಸಿಪಾಯಿಗಳೆಂದೇ ಎಣಿಸಿ ಕೊಂದ.

ಯುದ್ಧದ ನಂತರ ದಳ ಮತ್ತೆ ಎದ್ದಿತು. ಸಿಂಗಪುರ ಸ್ವತಂತ್ರವಾದ 1965ರ ಕೊನೆಯಲ್ಲಿ ಅದು ಜನರ ರಕ್ಷಣಾ ಪಡೆ ಎಂಬ ಹೆಸರು ಪಡೆಯಿತು. 1967ರಲ್ಲಿ ನ್ಯಾಷನಲ್ ಸರ್ವಿಸ್ ಬಂತು. ಈಗ ಇಲ್ಲಿನ ಮೀಸಲು ಸೈನಿಕ ಹತ್ತು ವರ್ಷಗಳ ತರಬೇತಿ ಚಕ್ರವನ್ನು ಮುಗಿಸಬೇಕು, ವರ್ಷಕ್ಕೆ ಗರಿಷ್ಠ 40 ದಿನ ಕರೆಗೆ ಓಗೊಡಬೇಕು, ದಂಡ, ಸಿಟ್ ಅಪ್‌ಗಳ ಜತೆಗೆ 2.4 ಕಿಲೋಮೀಟರ್ ಓಟದ ದೇಹಪರೀಕ್ಷೆ ಕೊಡಬೇಕು. ಹಾಜರಿ, ಗುರಿ, ಶಿಬಿರ, ತಪಾಸಣೆ ಎಂಬ ಹಳೆಯ ಚೌಕಟ್ಟು ಇದರೊಳಗೆ ಹಾಗೆಯೇ ಕಾಣುತ್ತದೆ. ಬದಲಾದದ್ದು ಸಾಲಿನಲ್ಲಿ ನಿಂತವರು: ಚೀನೀ, ಮಲಯ, ತಮಿಳು ಮನೆಗಳ ಮಕ್ಕಳೊಂದಿಗೆ ಮಂಡ್ಯ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಮಕ್ಕಳೂ. ಬೀಚ್ ರೋಡಿನ ಡ್ರಿಲ್ ಹಾಲನ್ನು ಕೆಡವದೆ ಉಳಿಸಿದ್ದಾರೆ. ಸುತ್ತ ಗಾಜಿನ ಗೋಪುರಗಳು ಎದ್ದು, ಅದು ಹೋಟೆಲೊಂದರ ಭಾಗವಾಗಿದೆ. ಸಂಜೆ ಐದೂಕಾಲಿಗೆ ಅಲ್ಲಿ ಹೋಗಿ ನಿಂತು ನೋಡಿ, ಕಚೇರಿ ಬಿಟ್ಟ ಜನ ಇಂದಿಗೂ ಆ ದಾರಿಯಲ್ಲೇ ಹರಿಯುತ್ತಾರೆ.

ಕರೆಯುವ ವಿಧಾನಗಳಲ್ಲಿ ಒಂದು ಇಂದಿಗೂ ಬಹಿರಂಗವಾದದ್ದೇ. ಕೆಲವು ಸಲ ಟಿವಿಯಲ್ಲಿ, ರೇಡಿಯೋದಲ್ಲಿ ತುಕಡಿಗಳ ಗುಪ್ತನಾಮಗಳನ್ನು ಬಿತ್ತರಿಸುತ್ತಾರೆ. ತನ್ನ ತುಕಡಿಯ ಹೆಸರು ಕಂಡವನು ಕೆಲವೇ ಗಂಟೆಗಳಲ್ಲಿ ಶಿಬಿರದಲ್ಲಿರಬೇಕು. ಹೋದ ವರ್ಷ ಒಂದು ರಾತ್ರಿ ಊಟದ ನಡುವೆ ನಮ್ಮ ಮಗನ ತುಕಡಿಯ ಹೆಸರು ಪರದೆಯ ಮೇಲೆ ಹಾದುಹೋಯಿತು. ಅವನು ಎದ್ದು ಕೈತೊಳೆದು, ಬಾಗಿಲ ಬಳಿ ಕುಳಿತು ಹೊಸ ಬೂಟಿನ ದಾರ ಬಿಗಿದು, ಎದ್ದು ನಿಂತು ಎರಡೂ ಹಿಮ್ಮಡಿಯನ್ನು ನೆಲಕ್ಕೆ ಗಟ್ಟಿಯಾಗಿ ಒಮ್ಮೆ ಕುಟ್ಟಿ ನೋಡಿದ. ಅವನ ತಾಯಿ ಅರ್ಧ ಉಂಡ ಸಾರನ್ನದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.